ಓದುಗ ಬಂದರೆ ಖರ್ಚು: ಕನ್ನಡ ಡೆಸ್ಕ್‌ಟಾಪಿನ ಜಾಲತಾಣಗಳು ಮತ್ತು ಅವುಗಳ ಲೆಕ್ಕಪುಸ್ತಕ

ಧ್ವನಿ ಕೇಳಿಸ್ತಾ ಇದೆ ಅಂದುಕೊಂಡು ಶುರು ಮಾಡುತ್ತೇನೆ. ನಾನೀಗ ಮಸಿನಗುಡಿಯ ನಮ್ಮ ಮನೆಯಲ್ಲಿದ್ದೇನೆ. ಮಧ್ಯೆ ಕರೆಂಟು ಹೋದರೆ ಹತ್ತು ನಿಮಿಷ ಕಾಯಿರಿ, ಮತ್ತೆ ಸೇರಿಕೊಳ್ಳುತ್ತೇನೆ. ಮೊದಲ ಕರಡು ಓದಿದ ಮೇಡಂ ಒಂದು ಪ್ರಶ್ನೆ ಕೇಳಿದ್ದರು: ಸಾಹಿತ್ಯ ವಿಭಾಗದ ವಿದ್ಯಾರ್ಥಿಗೆ ಸರ್ವರ್ ಬಾಡಿಗೆ ಲೆಕ್ಕ ಯಾಕೆ? ಉತ್ತರ ಕೊಡುತ್ತಲೇ ವಿಷಯಕ್ಕೆ ಬರುತ್ತೇನೆ.

ನಾವು ಸಾಹಿತ್ಯ ಚರಿತ್ರೆ ಓದುವಾಗ ಮುದ್ರಣದ ಖರ್ಚನ್ನು ಚರಿತ್ರೆಯ ಭಾಗ ಅಂತಲೇ ಓದುತ್ತೇವೆ. ಮೊಗ್ಲಿಂಗ್ 1843ರ ಜುಲೈ 1ರಂದು 'ಮಂಗಳೂರ ಸಮಾಚಾರ' ಹೊರಡಿಸಿದ್ದು, ಒಂದು ವರ್ಷದೊಳಗೆ ಅದು ಬಳ್ಳಾರಿಗೆ ಹೋಗಿ 'ಕನ್ನಡ ಸಮಾಚಾರ' ಆದದ್ದು ಪರೀಕ್ಷೆಯಲ್ಲಿ ಬರುವ ಪ್ರಶ್ನೆ. ಗಳಗನಾಥರು ಪುಸ್ತಕದ ಗಂಟು ಹೊತ್ತು ಊರೂರು ತಿರುಗಿ ಮಾರಿದ್ದನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಚಂದಾದಾರರ ಪಟ್ಟಿ, ಕಾಗದದ ಬೆಲೆ, ಅಂಚೆ ಖರ್ಚು ಎಲ್ಲವೂ ನಮಗೆ ಆಕರ. ಆದರೆ 1996ರಿಂದ ಈಚೆಗೆ ಕನ್ನಡದ ಒಂದು ದೊಡ್ಡ ಪಾಲು ಓದು ಬರಹ ಪರದೆಯ ಮೇಲೆ ನಡೆದಿದೆ. ಅದಕ್ಕೆ ಯಾರು ದುಡ್ಡು ಕೊಟ್ಟರು, ಎಷ್ಟು ದಿನ ಕೊಟ್ಟರು, ಯಾವಾಗ ಕೈ ಚೆಲ್ಲಿದರು ಅನ್ನುವ ಲೆಕ್ಕ ನಮ್ಮ ಚರಿತ್ರೆಯಲ್ಲಿ ಇನ್ನೂ ಬಂದಿಲ್ಲ.

ನನ್ನ ಆಕರ ಒಂದು ಹಳೇ ಡೈರಿ. ಅದು ದೊಡ್ಡಪ್ಪನ ಮಗನದು. ನಾನು ಅವನನ್ನು ಅಣ್ಣ ಅಂತಲೇ ಕರೆಯುವುದು, ಇಲ್ಲೂ ಹಾಗೇ ಕರೆಯುತ್ತೇನೆ. ಅವನು ಗೂಡಲೂರಿನಲ್ಲಿ ಒಂದು ಫೋಟೋ ಸ್ಟುಡಿಯೋದಲ್ಲಿ ಡಿ.ಟಿ.ಪಿ. ಕೆಲಸ ಮಾಡುತ್ತಿದ್ದ. 2006ರಿಂದ 2010ರವರೆಗೆ ಕನ್ನಡದ ವಾಲ್‌ಪೇಪರ್, ಅಕ್ಷರಶೈಲಿ, ಸ್ಕ್ರೀನ್‌ಸೇವರ್ ಹಂಚುವ ಒಂದು ಜಾಲತಾಣ ನಡೆಸಿದ. ತಾಣದ ಹೆಸರು ಹೇಳುವುದಿಲ್ಲ, ಅಣ್ಣ ಬೇಡ ಅಂದಿದ್ದಾನೆ.

ಸ್ವಲ್ಪ ಊರಿನ ವಿಷಯ ಹೇಳಬೇಕು. ಮೈಸೂರಿನಿಂದ ಬಂಡೀಪುರ ದಾಟಿ ಬಂದರೆ ತೆಪ್ಪಕಾಡಿನಲ್ಲಿ ದಾರಿ ಎರಡಾಗುತ್ತದೆ. ಒಂದು ಗೂಡಲೂರಿಗೆ, ಇನ್ನೊಂದು ಮಸಿನಗುಡಿ ಮೇಲಾಸಿ ಕಲ್ಹಟ್ಟಿಯ 36 ತಿರುವು ಹತ್ತಿ ಊಟಿಗೆ. ಈ ಜಿಲ್ಲೆಯಲ್ಲಿ ಶಾಲೆಯ ಭಾಷೆ ತಮಿಳು, ಗೂಡಲೂರಿನ ಪೇಟೆಯಲ್ಲಿ ಮಲಯಾಳ ಬೇಕು, ಮಸಿನಗುಡಿಯ ಜಗಲಿಯಲ್ಲಿ ಕನ್ನಡ. ಬೆಟ್ಟದ ಮೇಲೆ ಬಡಗ. 2011ರ ಜನಗಣತಿ ಬಡಗವನ್ನು ಕನ್ನಡದ ಕೆಳಗೆ ಸೇರಿಸಿ 1,33,550 ಜನ ಅಂತ ಲೆಕ್ಕ ಕೊಡುತ್ತದೆ. ಬಡಗ ಬೇರೆ ಭಾಷೆಯೋ ಕನ್ನಡದ ಉಪಭಾಷೆಯೋ ಅನ್ನುವ ಜಗಳ ಇವತ್ತಿನ ವಿಷಯ ಅಲ್ಲ. ಅದನ್ನು ಆಡುವವರೇ ಹೇಳಲಿ. 19ನೇ ಶತಮಾನದಲ್ಲಿ ಬಾಸೆಲ್ ಮಿಷನ್‌ನವರು ಬಡಗದ ಸುವಾರ್ತೆಯನ್ನು ಕನ್ನಡ ಲಿಪಿಯಲ್ಲಿ ಅಚ್ಚು ಹಾಕಿಸಿದ್ದರು ಅನ್ನುವುದನ್ನಷ್ಟೇ ಇಲ್ಲಿ ನೆನೆಯುತ್ತೇನೆ. ಈ ಬೆಟ್ಟಕ್ಕೆ ಕನ್ನಡ ಅಕ್ಷರ ಬರುವುದು ಯಾವಾಗಲೂ ಯಾರದೋ ಖರ್ಚಿನಲ್ಲಿ. ನಾನು ತಮಿಳು ಮಾಧ್ಯಮದಲ್ಲಿ ಓದಿದೆ. ಕನ್ನಡ ಕಾಗುಣಿತ ಕಲಿತದ್ದು ಅಣ್ಣನ ಕಂಪ್ಯೂಟರಿನ ಮುಂದೆ, ಮದುವೆ ಕರೆಯೋಲೆ ತಿದ್ದುತ್ತಾ.

ಈಗ ಡೆಸ್ಕ್‌ಟಾಪಿಗೆ ಬರೋಣ. ಇದೇ ಕಾಲದಲ್ಲಿ ಹೊರದೇಶಗಳಲ್ಲಿ ಕಂಪ್ಯೂಟರಿನ ಮುಖ ಅಲಂಕರಿಸುವ ಹುಚ್ಚು ಜೋರಾಗಿತ್ತು. ವಿನ್‌ಆಂಪ್‌ಗೆ ಸ್ಕಿನ್, ವಿಂಡೋಸ್‌ಗೆ ಥೀಮ್, ಐಕಾನ್, ವಾಲ್‌ಪೇಪರ್. 2000ದ ಆಗಸ್ಟ್‌ನಲ್ಲಿ ಶುರುವಾದ ಡೀವಿಯಂಟ್‌ಆರ್ಟ್ ಇವತ್ತು ಚಿತ್ರಕಲೆಯ ತಾಣ ಅಂತ ಹೆಸರಾಗಿದ್ದರೂ ಮೊದಲು ಬೆಳೆದದ್ದು ಇಂಥ ಸ್ಕಿನ್‌ಗಳ ಸುತ್ತ. ವಿನ್‌ಕಸ್ಟಮೈಸ್ ಎಂಬ ಇನ್ನೊಂದು ತಾಣದ ಹಿಂದೆ ಸ್ಟಾರ್‌ಡಾಕ್ ಅನ್ನುವ ತಂತ್ರಾಂಶ ಕಂಪನಿ ಇತ್ತು. ಥೀಮ್ ಇಳಿಸಿಕೊಳ್ಳಲು ಬಂದವನು ಅದನ್ನು ನಡೆಸುವ ತಂತ್ರಾಂಶವನ್ನೂ ಕೊಂಡಾನು ಅನ್ನುವ ಲೆಕ್ಕ ಅಲ್ಲಿತ್ತು. ಅಂದರೆ ಜನ ಬಂದಷ್ಟೂ ಕಂಪನಿಗೆ ಗಿರಾಕಿ.

ನಮ್ಮಲ್ಲಿ ಅಲಂಕಾರ ಎರಡನೆಯದು. ಮೊದಲು ಅಕ್ಷರ ಕಾಣಬೇಕಿತ್ತು. ಯೂನಿಕೋಡ್ ಬಳಕೆಗೆ ಬರುವ ಮುಂಚೆ ಕಂಪ್ಯೂಟರಿನ ಕನ್ನಡವೇ ಒಂದು ಸ್ಕಿನ್ ಆಗಿತ್ತು ಅಂದರೆ ಉತ್ಪ್ರೇಕ್ಷೆ ಅಲ್ಲ. ಯಂತ್ರದ ಪಾಲಿಗೆ ಅದು ಇಂಗ್ಲಿಷ್ ಅಕ್ಷರಗಳ ಸಾಲು. ಅದರ ಮೇಲೆ ಕನ್ನಡದ ಆಕಾರ ಹೊದಿಸಿದ ಫಾಂಟ್ ಇದ್ದರೆ ನಮ್ಮ ಕಣ್ಣಿಗೆ ಕನ್ನಡ, ಫಾಂಟ್ ತೆಗೆದರೆ ಕಸ. ಕೆ.ಪಿ. ರಾಯರು ಉಚ್ಚಾರಣೆಗೆ ಹೊಂದುವ ಕೀಲಿಮಣೆ ವಿನ್ಯಾಸ ಕೊಟ್ಟರು. ಶೇಷಾದ್ರಿವಾಸು ಅವರ 'ಬರಹ' 1998ರಲ್ಲಿ ಬಂತು. ಕನ್ನಡ ಗಣಕ ಪರಿಷತ್ತಿನ 'ನುಡಿ'ಯನ್ನು ಕರ್ನಾಟಕ ಸರ್ಕಾರ ಒಪ್ಪಿಕೊಂಡಿತು. ಇವೆಲ್ಲ ಇಲ್ಲದಿದ್ದರೆ ನಾನು ಇವತ್ತು ಈ ಪ್ರಬಂಧ ಟೈಪ್ ಮಾಡುತ್ತಿರಲಿಲ್ಲ. ಆದರೆ ಫಾಂಟ್ ಹೊಂದದೆ ಹೋದರೆ ಏನಾಗುತ್ತದೆ ಅಂತ ಅಣ್ಣನಂಥವರಿಗೆ ಗೊತ್ತು. ಗುಂಡ್ಲುಪೇಟೆಯಿಂದ ಸಿ.ಡಿ.ಯಲ್ಲಿ ಬಂದ ಕರೆಯೋಲೆ ಗೂಡಲೂರಿನ ಕಂಪ್ಯೂಟರಿನಲ್ಲಿ ತೆರೆದರೆ ವಧುವಿನ ಹೆಸರಿನ ಜಾಗದಲ್ಲಿ ಆವರಣ ಚಿಹ್ನೆ ಮತ್ತು ಡಾಲರ್ ಗುರುತು. ಹಾಗಾಗಿ ಸ್ಟುಡಿಯೋದಲ್ಲಿ ಒಂದು ಫೋಲ್ಡರಿನ ತುಂಬ ಫಾಂಟ್‌ಗಳು. ಅವನ ತಾಣ ಹುಟ್ಟಿದ್ದೇ ಆ ಫೋಲ್ಡರಿನಿಂದ, ವಾಲ್‌ಪೇಪರ್ ಆಮೇಲೆ ಸೇರಿಕೊಂಡಿತು.

ಯೂನಿಕೋಡ್ ಬಂದ ಮೇಲೂ ತಾಪತ್ರಯ ಮುಗಿಯಲಿಲ್ಲ. ವಿಂಡೋಸ್ ಎಕ್ಸ್‌ಪಿ ಜೊತೆ 'ತುಂಗಾ' ಅಕ್ಷರಶೈಲಿ ಬಂತು. ಆದರೆ ಒತ್ತಕ್ಷರ ಸರಿಯಾಗಿ ಕೂರಬೇಕಾದರೆ ಕಂಟ್ರೋಲ್ ಪ್ಯಾನೆಲ್‌ಗೆ ಹೋಗಿ, ಭಾಷೆಯ ಸೆಟ್ಟಿಂಗ್ ತೆರೆದು, ಸಂಕೀರ್ಣ ಲಿಪಿಗಳ ಪೆಟ್ಟಿಗೆಗೆ ಟಿಕ್ ಹಾಕಬೇಕು. ಆಗ ಅದು ವಿಂಡೋಸ್ ಸಿ.ಡಿ. ಕೇಳುತ್ತದೆ. ಬ್ರೌಸಿಂಗ್ ಸೆಂಟರಿನವರು ಸಿ.ಡಿ. ಎಲ್ಲಿಂದ ತರಬೇಕು? ಅಣ್ಣನ ತಾಣದಲ್ಲಿ ಅತಿ ಹೆಚ್ಚು ತೆರೆದ ಪುಟ ಯಾವುದು ಅಂದುಕೊಂಡಿದ್ದೀರಿ? ವಾಲ್‌ಪೇಪರ್ ಅಲ್ಲ, ಈ ಟಿಕ್ ಹಾಕುವ ವಿಧಾನವನ್ನು ಚಿತ್ರ ಸಮೇತ ಹೇಳಿದ ಪುಟ. ವಿಸ್ಟಾ ಬಂದ ಮೇಲೆ ಟಿಕ್ ಹಾಕುವ ಅಗತ್ಯ ಹೋಯಿತು, ಆ ಪುಟಕ್ಕೆ ಬರುವವರೂ ನಿಧಾನಕ್ಕೆ ಕಡಿಮೆಯಾದರು.

ಇಲ್ಲಿಂದ ಲೆಕ್ಕ. ಗಣಿತಕ್ಕೆ ಹೆದರಬೇಡಿ, ಗುಣಾಕಾರ ಅಷ್ಟೇ. ಜಾಲತಾಣದ ಖರ್ಚು ಮುಖ್ಯವಾಗಿ ಎರಡು ಬಗೆ. ಡೊಮೈನ್ ಅಂದರೆ ಹೆಸರಿಗೆ ವರ್ಷದ ಬಾಡಿಗೆ, ಇದು ಸಣ್ಣದು. ಹೋಸ್ಟಿಂಗ್ ಅಂದರೆ ಸರಕು ಇಡುವ ಜಾಗ ಮತ್ತು ಅದನ್ನು ಕಳಿಸುವ ಕೂಲಿ. ಈ ಕಳಿಸುವ ಕೂಲಿಗೇ ಬ್ಯಾಂಡ್‌ವಿಡ್ತ್ ಅನ್ನುತ್ತಿದ್ದರು, ತಿಂಗಳಿಗೆ ಇಷ್ಟು ಅಂತ ಮಿತಿ. ಯೂನಿಕೋಡನ್ನು ಜಾಲದಲ್ಲಿ ಸಾಮಾನ್ಯವಾಗಿ ಕಳಿಸುವ ಯುಟಿಎಫ್-8 ಪದ್ಧತಿಯಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕು, ಕನ್ನಡದ ಪ್ರತಿ ಘಟಕಕ್ಕೆ ಮೂರು ಬೇಕು. 'ಕನ್ನಡ' ಅಂತ ಬರೆದರೆ ಕ, ನ, ವಿರಾಮ ಚಿಹ್ನೆ, ಮತ್ತೆ ನ, ಡ, ಒಟ್ಟು ಐದು ಘಟಕ, 15 ಬೈಟ್. ಅದನ್ನೇ ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ 7. ಸರ್ವರಿನಲ್ಲೇ ಹಿಂಡಿ ಕಳಿಸುವ ಉಪಾಯ ಇತ್ತು, ಅದರಿಂದ ಈ ವ್ಯತ್ಯಾಸ ಬಹಳಷ್ಟು ಇಳಿಯುತ್ತದೆ. ಆದರೆ ಅಗ್ಗದ ಹೋಸ್ಟಿಂಗಿನಲ್ಲಿ ಅದನ್ನು ಚಾಲೂ ಮಾಡಬೇಕು ಅನ್ನುವುದೇ ಅಣ್ಣನಿಗೆ ಎರಡು ವರ್ಷ ಗೊತ್ತಿರಲಿಲ್ಲ.

ಆದರೂ ಬರಹ ಹಗುರ. ಪುಟಕ್ಕೆ 1,500 ಘಟಕ ಅಂತ ಹಿಡಿದರೆ 200 ಪುಟದ ಕಾದಂಬರಿ 3 ಲಕ್ಷ ಘಟಕ, 9 ಲಕ್ಷ ಬೈಟ್. ಸುಮಾರು 900 ಕೆ.ಬಿ. 1024ಕ್ಕೆ 768ರ ಅಳತೆಯ ಒಂದು ವಾಲ್‌ಪೇಪರ್ 300 ಕೆ.ಬಿ. ಇರುತ್ತಿತ್ತು. ಮೂರು ವಾಲ್‌ಪೇಪರ್ ಒಂದು ಕಾದಂಬರಿಯ ತೂಕ. ಅಣ್ಣನ ಮಿತಿ ತಿಂಗಳಿಗೆ 1 ಜಿ.ಬಿ. ಅಂದರೆ ಹೆಚ್ಚೆಂದರೆ 3,500 ವಾಲ್‌ಪೇಪರ್, ದಿನಕ್ಕೆ 115ರಷ್ಟು. ಮೊದಲ ವರ್ಷ ಇಷ್ಟು ಧಾರಾಳ ಸಾಕಾಗಿತ್ತು.

ಡೈರಿಯಲ್ಲಿ ಮೊದಲ ಪುಟಗಳು ಸಂಭ್ರಮದವು. ಪುಟದ ಅಡಿಯಲ್ಲಿ ಕೌಂಟರ್ ಒಂದಿತ್ತು, ಸೈಕಲ್ ಮೀಟರಿನ ಹಾಗೆ ಅಂಕಿ ಉರುಳುವುದು. ದಿನಾ ಸಂಜೆ ಅಂಗಡಿ ಮುಚ್ಚುವ ಮುಂಚೆ ಅಂಕಿ ಬರೆದಿಟ್ಟಿದ್ದಾನೆ. ಚರಿತ್ರೆಯ ವಿದ್ಯಾರ್ಥಿಯಾಗಿ ಈ ಅಂಕಿಗಳನ್ನು ನಾನು ನಂಬುವುದಿಲ್ಲ. ಒಂದು ಕಾರಣ, ಪುಟ ಮತ್ತೆ ಮತ್ತೆ ತೆರೆದು ಅಂಕಿ ಏರಿಸಿದವರಲ್ಲಿ ಎಂಟು ವರ್ಷದ ನಾನೂ ಒಬ್ಬ ಅಪರಾಧಿ. ಎರಡನೆಯದು, ಆ ಕಾಲದವರು ಹೆಮ್ಮೆಯಿಂದ ಹೇಳುತ್ತಿದ್ದ 'ಹಿಟ್' ಅಂದರೆ ಓದುಗ ಅಲ್ಲ. ಹತ್ತು ಚಿತ್ರ ಇರುವ ಒಂದು ಪುಟ ಒಬ್ಬ ತೆರೆದರೆ ಸರ್ವರ್ ಲೆಕ್ಕದಲ್ಲಿ 11 ಹಿಟ್. ಹುಡುಕುಯಂತ್ರದ ಬಾಟ್‌ಗಳು ಬಂದು ಹೋದದ್ದೂ ಅದರಲ್ಲೇ. ಹಾಗಾಗಿ ಹಳೇ ಕನ್ನಡ ತಾಣಗಳು 'ಇಷ್ಟು ಲಕ್ಷ ಹಿಟ್' ಅಂತ ಎಲ್ಲಾದರೂ ಬರೆದುಕೊಂಡಿದ್ದರೆ ನಾವು ಅದನ್ನು ಪ್ರಸಾರ ಸಂಖ್ಯೆಯ ಹಾಗೆ ಉಲ್ಲೇಖಿಸಬಾರದು. ಮೂರನೇ ಕಾರಣವೇ ಈ ಪ್ರಬಂಧದ ಹೊಟ್ಟೆ.

2007ರ ಅಕ್ಟೋಬರ್ ಕೊನೆ ವಾರ. ರಾಜ್ಯೋತ್ಸವ ಹತ್ತಿರ. ಅಣ್ಣ ಹಳದಿ ಕೆಂಪಿನ ಐದು ಹೊಸ ವಾಲ್‌ಪೇಪರ್ ಹಾಕಿದ. ನವೆಂಬರ್ 1ರ ಬೆಳಿಗ್ಗೆ ತಾಣ ತೆರೆದರೆ ಬಿಳಿ ಪುಟ, ಅದರ ಮೇಲೆ ಇಂಗ್ಲಿಷಿನಲ್ಲಿ ಬ್ಯಾಂಡ್‌ವಿಡ್ತ್ ಮಿತಿ ಮೀರಿದೆ ಅನ್ನುವ ಒಂದೇ ಸಾಲು. ತಿಂಗಳ ಮೊದಲ ದಿನ ಎಲ್ಲಾ ಹೊಸದಾಗಿ ಶುರುವಾಗಬೇಕಿತ್ತಲ್ಲ ಅಂತ ನಾನು ಕೇಳಿದೆ. ಅವನ ತಿಂಗಳು ಲೆಕ್ಕವಾಗುತ್ತಿದ್ದದ್ದು ಹಣ ಕಟ್ಟಿದ ತಾರೀಕಿನಿಂದ. ಇನ್ನೂ ಒಂಬತ್ತು ದಿನ ಬಾಕಿ. ಜನಕ್ಕೆ ಬೇಕಾದ ದಿನವೇ ಬಾಗಿಲು ಮುಚ್ಚಿತ್ತು.

ಅಷ್ಟೊಂದು ಜನ ಬಂದರಾ ಅಂದರೆ, ಇಲ್ಲ. ಅದು ಆರ್ಕುಟ್ ಕಾಲ. ಹುಡುಗರು ಅಣ್ಣನ ಚಿತ್ರದ ವಿಳಾಸವನ್ನೇ ನಕಲು ಮಾಡಿ ಗೆಳೆಯರ ಸ್ಕ್ರ್ಯಾಪ್‌ಬುಕ್ಕಿಗೆ ಅಂಟಿಸಿದ್ದರು. ಚಿತ್ರ ಕಾಣಿಸುವುದು ಅಲ್ಲಿ, ಹೊರಡುವುದು ಅಣ್ಣನ ಸರ್ವರಿನಿಂದ. ನಲವತ್ತು ಜನ ಅಂಟಿಸಿ, ಒಂದೊಂದು ಪುಟ 90 ಸಲ ತೆರೆದರೆ 3,600. ತಿಂಗಳ ಪಾಲು ಮುಗೀತು. ತಾಣಕ್ಕೆ ಒಬ್ಬರೂ ಬರದೆ, ಹೆಸರೂ ತಿಳಿಯದೆ ಮುಗೀತು. ದೊಡ್ಡಪ್ಪ ಇದನ್ನು ಕೇಳಿ, ಇದು ಕಂಬಕ್ಕೆ ಕೊಕ್ಕೆ ಹಾಕಿ ಕರೆಂಟು ಎಳೆದ ಹಾಗಲ್ವೇನೋ ಅಂದರು. ನನಗೆ ಇವತ್ತಿಗೂ ಇದಕ್ಕಿಂತ ಒಳ್ಳೆಯ ವಿವರಣೆ ಸಿಕ್ಕಿಲ್ಲ. ಆದರೆ ಅಂಟಿಸಿದವರಿಗೆ ಅದು ಕಳ್ಳತನ ಅಂತ ಗೊತ್ತೇ ಇರಲಿಲ್ಲ, ಪ್ರೀತಿಯಿಂದ ಮಾಡಿದ್ದರು. ಯಾರ ಮೇಲೆ ಸಿಟ್ಟಾಗುವುದು?

ಮುದ್ರಣಕ್ಕೂ ಇದಕ್ಕೂ ಇರುವ ವ್ಯತ್ಯಾಸ ನನಗೆ ಇಲ್ಲಿ ಕಂಡದ್ದು. ಗಳಗನಾಥರ ಗಂಟಿನಿಂದ ಒಂದು ಪುಸ್ತಕ ಹೋದರೆ ಗಂಟು ಹಗುರ, ಕೈಯಲ್ಲಿ ಕಾಸು. ಪತ್ರಿಕೆಗೆ ಚಂದಾದಾರ ಹೆಚ್ಚಿದರೆ ಪ್ರತಿಯೊಂದರ ಅಚ್ಚಿನ ಖರ್ಚು ಇಳಿಯುತ್ತದೆ. ಸಣ್ಣ ಜಾಲತಾಣದಲ್ಲಿ ಓದುಗ ಹೆಚ್ಚಿದರೆ ಖರ್ಚು ಹೆಚ್ಚುತ್ತದೆ, ಓದುಗ ಏನೂ ಕೊಡುವುದಿಲ್ಲ, ಕೊಡಬೇಕು ಅಂದರೂ ಕೊಡುವ ದಾರಿ ಇಲ್ಲ. 2007ರಲ್ಲಿ ಗೂಡಲೂರಿನ ಅಂಗಡಿಯವನಿಗೆ ಹಾಸನದ ಓದುಗ ಐದು ರೂಪಾಯಿ ಕಳಿಸುವುದು ಹೇಗೆ? ಮನಿಯಾರ್ಡರ್ ಮಾಡಬೇಕು. ಅಣ್ಣ ಹೋಸ್ಟಿಂಗಿಗೆ ಡಾಲರಿನಲ್ಲಿ ಕಟ್ಟಬೇಕಿತ್ತು, ನಮ್ಮ ಮನೆತನದಲ್ಲಿ ಯಾರ ಹತ್ತಿರವೂ ಕ್ರೆಡಿಟ್ ಕಾರ್ಡ್ ಇರಲಿಲ್ಲ. ಬೆಂಗಳೂರಿನ ಗೆಳೆಯನೊಬ್ಬ ಅವನ ಕಾರ್ಡಿನಲ್ಲಿ ಕಟ್ಟಿ, ಅಣ್ಣ ಅವನಿಗೆ ಊರಿಂದ ಕಾಫಿಪುಡಿ ಮತ್ತು ನಗದು ಬಸ್ಸಿನವರ ಕೈಲಿ ಕಳಿಸಿದ್ದು ಡೈರಿಯಲ್ಲಿದೆ.

ಜಾಹೀರಾತು? ಗೂಗಲ್‌ನ ಆಡ್‌ಸೆನ್ಸ್ ಹಿಂದಿಯನ್ನು ಒಪ್ಪಿಕೊಂಡದ್ದೇ 2014ರ ಡಿಸೆಂಬರಿನಲ್ಲಿ. ಕನ್ನಡದ ಪುಟಕ್ಕೆ ಆಗ ಅಲ್ಲಿ ಜಾಗವೇ ಇರಲಿಲ್ಲ. ಕೆಲವರು ಇಂಗ್ಲಿಷ್ ವಾಕ್ಯಗಳನ್ನು ತುರುಕಿ ಜಾಹೀರಾತು ತರಿಸಲು ನೋಡುತ್ತಿದ್ದರು. ಅಣ್ಣನೂ ನೋಡಿದ್ದಾನೆ, ಆಗಲಿಲ್ಲ.

ದೊಡ್ಡ ಉದಾಹರಣೆಗಳ ಪಕ್ಕದಲ್ಲಿ ಇದನ್ನಿಟ್ಟು ನೋಡಿದರೆ ಚಿತ್ರ ಸ್ಪಷ್ಟವಾಗುತ್ತದೆ. ಯು.ಬಿ. ಪವನಜ ಅವರು 1996ರ ಡಿಸೆಂಬರಿನಲ್ಲಿ ಶುರು ಮಾಡಿದ 'ವಿಶ್ವಕನ್ನಡ' ಕನ್ನಡದ ಮೊದಲ ಅಂತರಜಾಲ ಪತ್ರಿಕೆ. ವಿ.ಎಸ್.ಎನ್.ಎಲ್. ಈ ದೇಶದ ಸಾರ್ವಜನಿಕರಿಗೆ ಇಂಟರ್‌ನೆಟ್ ತೆರೆದದ್ದು 1995ರ ಆಗಸ್ಟ್ 15ರಂದು, ಅಂದರೆ ಹದಿನಾರು ತಿಂಗಳ ಹಿಂದಷ್ಟೇ. ಬೆನ್ನ ಹಿಂದೆ ಸಂಸ್ಥೆ ಇಲ್ಲದೆ ಒಬ್ಬರು ಶುರು ಮಾಡಿದ್ದು ಅದು. 'ಬರಹ' ಕೂಡ ಒಬ್ಬರ ದುಡಿಮೆ, ಹಲವು ವರ್ಷ ಉಚಿತವಾಗಿಯೇ ಇತ್ತು, ಆಮೇಲೆ ಬೆಲೆ ಬಂತು. ಬೆಲೆ ಬಂದದ್ದಕ್ಕೆ ಗೊಣಗುವವರನ್ನು ನಮ್ಮ ಹಾಸ್ಟೆಲಿನಲ್ಲೂ ಕೇಳಿದ್ದೇನೆ. ಅಷ್ಟು ವರ್ಷ ಪುಕ್ಕಟೆ ಬಳಸಿದ್ದಕ್ಕೆ ಯಾರು ಕೊಟ್ಟರು ಅಂತ ಕೇಳಿದವರನ್ನು ಕಾಣೆ. ಹರಿಪ್ರಸಾದ್ ನಾಡಿಗ್ ಅವರು 2005ರಲ್ಲಿ ಶುರು ಮಾಡಿದ 'ಸಂಪದ' ಬೇರೆ ದಾರಿ. ದ್ರುಪಲ್ ಎಂಬ ಮುಕ್ತ ತಂತ್ರಾಂಶದ ಮೇಲೆ ಕಟ್ಟಿ, ಬರೆಯುವ ಕೆಲಸವನ್ನು ಸಮುದಾಯಕ್ಕೇ ಬಿಟ್ಟರು. ಬರವಣಿಗೆ ಹೀಗೆ ಹಂಚಿಕೆಯಾಗುತ್ತದೆ, ಸರ್ವರಿನ ಬಿಲ್ಲು ಮಾತ್ರ ಅಷ್ಟು ಸುಲಭಕ್ಕೆ ಹಂಚಿಕೆಯಾಗುವ ವಸ್ತುವಲ್ಲ.

ಕನ್ನಡ ವಿಕಿಪೀಡಿಯದ ಕಥೆ ಇವೆಲ್ಲಕ್ಕಿಂತ ಬೇರೆ. ಅದು ಶುರುವಾದದ್ದು 2003ರ ಜೂನ್‌ನಲ್ಲಿ, ಅದೇ ತಿಂಗಳು ಅಮೆರಿಕದಲ್ಲಿ ವಿಕಿಮೀಡಿಯ ಫೌಂಡೇಶನ್ ಸ್ಥಾಪನೆಯಾಯಿತು. ಜಾಹೀರಾತಿಲ್ಲದೆ ಲೋಕದ ನಾನಾ ಕಡೆಯ ಸಣ್ಣ ಸಣ್ಣ ದೇಣಿಗೆಯಿಂದ ಅದರ ಸರ್ವರುಗಳು ನಡೆಯುತ್ತವೆ. ಕನ್ನಡದಲ್ಲಿ ಬರೆಯುವವರು ಸಮಯ ಕೊಟ್ಟರೆ ಸಾಕು, ವಿದ್ಯುತ್ತಿನ ಲೆಕ್ಕ ಬೇರೆಯವರದು. ಇದು ನಮ್ಮ ಭಾಗ್ಯ. ಆದರೆ ನನಗೆ ಇದರಲ್ಲಿ ಒಂದು ಮುಜುಗರವೂ ಇದೆ. ನಮ್ಮ ಡಿಜಿಟಲ್ ಕನ್ನಡದಲ್ಲಿ ಗಟ್ಟಿಯಾಗಿ ಉಳಿದಿರುವ ಒಂದು ಮನೆಯ ಬಾಡಿಗೆಯನ್ನು ಹೆಚ್ಚಾಗಿ ಕನ್ನಡ ಬಾರದವರು ಕಟ್ಟುತ್ತಿದ್ದಾರೆ.

ಪುಕ್ಕಟೆ ಜಾಗವೂ ಇತ್ತಲ್ಲ, ಜಿಯೋಸಿಟೀಸ್? ಹೌದು, ಅಲ್ಲಿ ಅನೇಕರು ಮನೆ ಮಾಡಿದ್ದರು. ಅಲ್ಲೂ ಸಾಗಣೆಗೆ ಮಿತಿ ಇತ್ತು, ಮೀರಿದರೆ ತಾತ್ಕಾಲಿಕವಾಗಿ ಕಣ್ಮರೆ. ಯಾಹೂ 1999ರಲ್ಲಿ ಅದನ್ನು ಕೊಂಡು, 2009ರ ಅಕ್ಟೋಬರ್ 26ರಂದು ಮುಚ್ಚಿತು. ಇಂಗ್ಲಿಷಿನ ಪುಟಗಳನ್ನು ಉಳಿಸಲು ಆಗ ಸ್ವಯಂಸೇವಕರು ಓಡಾಡಿದರು. ಅಲ್ಲಿದ್ದ ಕನ್ನಡ ಪುಟಗಳ ಒಂದು ಪಟ್ಟಿ ಮಾಡಬೇಕು ಅನ್ನುವುದು ನನ್ನ ಮುಂದಿನ ಕೆಲಸ. ಅದರಲ್ಲೂ ತೊಡಕಿದೆ: ಪುಟ ಉಳಿದಿದ್ದರೂ ಅದರ ಫಾಂಟ್ ಸಿಗದಿದ್ದರೆ ಓದುವುದು ಹಳೇ ಶಾಸನ ಓದಿದ ಹಾಗೆ, ಯಾವ ಚಿಹ್ನೆಯ ಹಿಂದೆ ಯಾವ ಅಕ್ಷರ ಅಂತ ಒಂದೊಂದಾಗಿ ಬಿಡಿಸಬೇಕು. ಶಾಸನಶಾಸ್ತ್ರ ತೆಗೆದುಕೊಂಡ ಗೆಳೆಯರು ದಯವಿಟ್ಟು ಕೈಜೋಡಿಸಿ. ತಮಾಷೆಗೆ ಹೇಳುತ್ತಿಲ್ಲ.

ಅಣ್ಣನ ಡೈರಿಯ ಕೊನೆ ಎರಡು ವರ್ಷ ಬೇಸರದವು. 2008ರಲ್ಲಿ ದೊಡ್ಡ ಪ್ಯಾಕೇಜಿಗೆ ಬದಲಾಯಿಸಿದ. ವರ್ಷದ ಖರ್ಚು ಹತ್ತಿರ ಹತ್ತಿರ ಮೂರು ಪಟ್ಟಾಯಿತು. ಪಕ್ಕದಲ್ಲೇ ಬರೆದಿದ್ದಾನೆ, ಇದು ಆರು ಮದುವೆಯ ಕರೆಯೋಲೆ ಕೆಲಸ ಅಂತ. ಅದೇ ಅವನ ಹಣದ ಅಳತೆ. ಒಂದು ಕಡೆ 'ದುಡ್ಡು ಕೇಳಲಾ?' ಅಂತ ಬರೆದು ಹೊಡೆದು ಹಾಕಿದ್ದಾನೆ. ಯಾಕೆ ಕೇಳಲಿಲ್ಲ ಅಂತ ಹೋದ ಮೇನಲ್ಲಿ ಕೇಳಿದೆ. "ಕನ್ನಡಕ್ಕೆ ಅಂತ ಮಾಡ್ತೀನಿ ಅಂದುಬಿಟ್ಟು ಆಮೇಲೆ ಕೈ ಚಾಚೋದು ಹೆಂಗೆ?" ಅಂದ. ಈ ಸಂಕೋಚ ಅವನೊಬ್ಬನದಲ್ಲ ಅಂತ ನನ್ನ ಅನುಮಾನ. ಭಾಷೆಯ ಕೆಲಸ ಅಂದರೆ ಸೇವೆ, ಸೇವೆ ಅಂದರೆ ಲೆಕ್ಕ ಕೇಳಬಾರದು ಅಂತ ನಾವೇ ಕಲಿಸಿಟ್ಟಿದ್ದೇವೆ. ನಾಟಕಕ್ಕೆ ಟಿಕೆಟ್ ಇಡುತ್ತೇವೆ, ಪತ್ರಿಕೆಗೆ ಚಂದಾ ಕೇಳುತ್ತೇವೆ. ಜಾಲತಾಣಕ್ಕೆ ಕೇಳಿದರೆ ಮಾತ್ರ ವ್ಯಾಪಾರ ಆಗಿಬಿಡುತ್ತದೆ.

2010ರಲ್ಲಿ ಅವನಿಗೆ ಮಗಳು ಹುಟ್ಟಿದಳು, ಆ ವರ್ಷ ಡೊಮೈನ್ ಹಣ ಕಟ್ಟಲಿಲ್ಲ. ಗಡುವು ಮುಗಿದ ಹೆಸರನ್ನು ಯಾರೋ ಕೊಂಡರು. ಸಾಮಾನ್ಯವಾಗಿ ಇಂಥ ಹೆಸರುಗಳಿಗೆ ಬೆಲೆ ಇರುವುದೇ ಹಳೆಯ ಓದುಗರ ದಾರಿ ಅದರಲ್ಲಿ ಉಳಿದಿರುತ್ತದೆ ಅಂತ. ಅಣ್ಣ ದುಡ್ಡು ಕೊಟ್ಟು ಬೆಳೆಸಿದ ಟ್ರಾಫಿಕ್ಕನ್ನು ಬೇರೆಯವರು ಕೊಂಡುಕೊಂಡರು. ನಾಲ್ಕು ವರ್ಷದಲ್ಲಿ ಅದಕ್ಕೆ ಯಾರಾದರೂ ಬೆಲೆ ಕಟ್ಟಿದ್ದು ಅದೊಂದೇ ಸಲ. 2014ರ ಸೆಪ್ಟೆಂಬರಿನಲ್ಲಿ ಆರ್ಕುಟ್ ಮುಚ್ಚಿತು, 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದು ಡೇಟಾ ಅಗ್ಗವಾಯಿತು. ಈಗ ರಾಜ್ಯೋತ್ಸವದ ಚಿತ್ರಗಳು ವಾಟ್ಸಾಪಿನಲ್ಲಿ ಸಾವಿರಗಟ್ಟಲೆ ಹರಿಯುತ್ತವೆ, ಯಾರ ಬಾಗಿಲೂ ಮುಚ್ಚುವುದಿಲ್ಲ.

ಇಂಟರ್‌ನೆಟ್ ಆರ್ಕೈವ್‌ನಲ್ಲಿ ಅಣ್ಣನ ತಾಣದ ಕೆಲವು ಪುಟಗಳು ಸಿಕ್ಕವು. ಬರಹ ಇದೆ, ಚಿತ್ರಗಳ ಜಾಗದಲ್ಲಿ ಖಾಲಿ ಚೌಕ. ಟಿಕ್ ಹಾಕುವ ಪುಟ ಪೂರ್ತಿ ಇದೆ, ಅದರ ಚಿತ್ರಗಳಿಲ್ಲ. ವಾಲ್‌ಪೇಪರುಗಳಲ್ಲಿ ಒಂದೇ ಒಂದು ಸಿಕ್ಕಿದ್ದು ಗೂಡಲೂರಿನ ಅದೇ ಸ್ಟುಡಿಯೋದಲ್ಲಿ. ಮಾಲೀಕರು ಹಳೇ ಹಾರ್ಡ್‌ಡಿಸ್ಕ್ ಬಿಸಾಕಿರಲಿಲ್ಲ. ಮೋಯಾರ್ ಕಣಿವೆಯ ಫೋಟೋ, ಮೂಲೆಯಲ್ಲಿ ಕನ್ನಡದಲ್ಲಿ ಒಂದು ಬಡಗ ಗಾದೆ. ಪರದೆ ಹಂಚಿಕೊಳ್ಳುತ್ತೇನೆ, ನೋಡಿ. ಗಾದೆಯ ಎರಡನೇ ಪದದಲ್ಲಿ ಒತ್ತಕ್ಷರ ಮುರಿದಿದೆ. ಆ ಕಂಪ್ಯೂಟರಿನಲ್ಲಿ ಟಿಕ್ ಹಾಕಿರಲಿಲ್ಲ.